ಬಸಪ್ಪನಿಗೆ ಕೇಳಬೇಕಾದ ಮಾತು

ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರ್ ದೀಪಶ್ರೀ ಕಂಪ್ಯೂಟರಿನಲ್ಲಿ ನಾಗಶ್ರೀಯ ಮೆದುಳಿನ ಚಿತ್ರ ತೋರಿಸಿ, ಅಲ್ಲಲ್ಲಿದ್ದ ಬಿಳಿ ಚುಕ್ಕೆಗಳ ಮೇಲೆ ಪೆನ್ನಿನ ತುದಿ ಇಟ್ಟರು. ಮಗಳ ಪಕ್ಕ ಕುಳಿತಿದ್ದ ಚಿಕ್ಕಬೋರಮ್ಮನಿಗೆ ಅದು ಹೋಳು ಮಾಡಿದ ಹೂಕೋಸಿನಂತೆ ಕಂಡಿತು.

ಮೈಗ್ರೇನ್ ತಲೆನೋವಿದ್ದವರಿಗೂ ಇಂಥ ಚುಕ್ಕೆಗಳಿರುತ್ತವಂತೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ಕಾಯಿಲೆಯಲ್ಲೂ ಇರುತ್ತವಂತೆ. ಗುರುವಾರ ಮಾಡುವುದು ಬೇರೆ ಬಗೆಯ ಸ್ಕ್ಯಾನ್. ಕೂದಲೆಳೆಯಂಥ ರಕ್ತನಾಳವೂ ಅದರಲ್ಲಿ ಕಾಣುತ್ತದಂತೆ. ಚುಕ್ಕೆಗಳ ನಟ್ಟನಡುವೆ ನಾಳ ಕಂಡರೆ ನರದ ಕಾಯಿಲೆಯೇ ಇರಬೇಕು. ಪೂರ್ತಿ ವಾಸಿಯಾಗುವುದಿಲ್ಲ, ಔಷಧಿಯಿಂದ ಹಿಡಿತದಲ್ಲಿಡಬಹುದು. ಕಾಣದಿದ್ದರೆ, ನಾಗಶ್ರೀಯ ಕಾಲು ಯಾಕೆ ಸೋಲುತ್ತಿದೆ ಎಂದು ಮತ್ತೆ ಮೊದಲಿನಿಂದ ಹುಡುಕಬೇಕು.

"ಯಾವ್ದಾದ್ರೆ ಒಳ್ಳೇದು ತಾಯಿ?" ಎಂದು ಚಿಕ್ಕಬೋರಮ್ಮ ಕೇಳಿದಳು.

"ಯಾವುದು ಅಂತ ಗೊತ್ತಾಗೋದೇ ಒಳ್ಳೇದಮ್ಮ," ಎಂದರು ಡಾಕ್ಟರು. ಓದಿದವರ ಉತ್ತರವೇ ಹೀಗೆ, ಕೈಗೆ ಸಿಗುವುದಿಲ್ಲ.

ಮನೆಯಲ್ಲಿ ಯಾವ ಗೊಂದಲವಾದರೂ ಚಿಕ್ಕರಸಿನಕೆರೆಯ ಬಸಪ್ಪನ ಮುಂದೆ ಕೇಳುವುದು ಅವರ ರೂಢಿ. ಆ ದೇವರ ಬಸವ ಚಾಚಿದ ಅಂಗೈ ಮೇಲೆ ಪಾದ ಇಟ್ಟರೆ ಕೇಳಿದ್ದು ನಡೆಯುತ್ತದೆ, ಮುಖ ತಿರುಗಿಸಿದರೆ ಇಲ್ಲ. ಇಬ್ಬರೂ ಅಲ್ಲಿಗೇ ಬಸ್ಸು ಹತ್ತಿದರು.

"ನಾಳ ಕಾಣ್ಲಿ ಅಂತ ಕೇಳವ್ವ," ಎಂದಳು ನಾಗಶ್ರೀ. "ಕಾಯ್ಲೆಗೊಂದು ಹೆಸರಾದ್ರೂ ಸಿಕ್ತದೆ."

ಅವಳ ಕಾಲು ಸೋತಾಗಲೆಲ್ಲ ಗಂಡನ ಮನೆಯವರು ಇರುವುದು ಬರೀ ತಲೆನೋವು, ಕಾಲಿನದು ನಾಟಕ, ಸೊಸೆ ಕೆಲಸಗಳ್ಳಿ ಎನ್ನುತ್ತಿದ್ದರು. ಚಿಕ್ಕಬೋರಮ್ಮನಿಗೆ ಅದೆಲ್ಲ ಗೊತ್ತು. ಆದರೂ ವಾಸಿಯಾಗದ ಕಾಯಿಲೆಯೇ ಇರಲಿ ಎಂದು ಹೆತ್ತವಳು ಯಾವ ಬಾಯಲ್ಲಿ ಬೇಡಬೇಕು? ಇಲ್ಲದಿರಲಿ ಎಂದರೆ ಮಗಳು ಮತ್ತೆ ಅದೇ ಮನೆಯಲ್ಲಿ ಅದೇ ಮಾತು ಕೇಳಬೇಕು.

ಬಸಪ್ಪನನ್ನು ನೋಡಿಕೊಳ್ಳುವ ಲಿಂಗಯ್ಯ, ಮನಸ್ಸಿನಲ್ಲಿ ಒಂದೇ ಮಾತು ಕೇಳಿಕೋ ಎಂದು ಹೇಳಿ ಹಗ್ಗ ಸಡಿಲಿಸಿದ. ಚಿಕ್ಕಬೋರಮ್ಮ ಮಂಡಿಯೂರಿ, ಎರಡೂ ಕೈ ನೆಲಕ್ಕೆ ಚಾಚಿ ಕಣ್ಣು ಮುಚ್ಚಿದಳು. ಕಾಣಲಿ ಎನ್ನಲು ಮನಸ್ಸು ಒಪ್ಪಲಿಲ್ಲ. ಕಾಣದಿರಲಿ ಎನ್ನಲು ಹೊರಟರೆ ಮಗಳ ಮುಖ ಎದುರಿಗೆ ಬಂತು. ಒಮ್ಮೆ ಅದು, ಒಮ್ಮೆ ಇದು. ಅಷ್ಟರಲ್ಲೇ ಅಂಗೈ ಮೇಲೆ ಗೊರಸಿನ ಭಾರ ಬಿತ್ತು.

ಸುತ್ತ ನಿಂತವರು ಕೈಮುಗಿದರು. ಲಿಂಗಯ್ಯ, ಬೇಡಿದ್ದು ನಡೆಯುತ್ತದೆ, ಧೈರ್ಯವಾಗಿ ಹೋಗು ಎಂದ. ನಾಗಶ್ರೀ ಗೋಡೆ ಹಿಡಿದುಕೊಂಡು ಕಾಲೆಳೆಯುತ್ತ ಬಂದಳು. ಅವಳ ಮುಖದಲ್ಲಿ ಇಂಥ ಗೆಲುವು ಕಂಡು ವರ್ಷಗಳೇ ಆಗಿದ್ದವು.

"ಕಾಣ್ಲಿ ಅಂತ ತಾನೆ ಕೇಳ್ದೆ, ಅವ್ವ?"

ಚಿಕ್ಕಬೋರಮ್ಮ ಮಣ್ಣು ಮೆತ್ತಿದ ಅಂಗೈಗಳನ್ನೇ ನೋಡುತ್ತ ಕುಳಿತಿದ್ದಳು.

"ನಾನಿನ್ನೂ ಏನೂ ಕೇಳೇ ಇರ್ನಿಲ್ಲ ಕಣವ್ವ."