ಎರಡನೇ ಹಗ್ಗ

"ಏಯ್! ಮೇಲೆ ನೋಡು! ನಿನ್ನ ಹಗ್ಗ ಗೋಡೆ ಅಂಚಿಗೆ ಉಜ್ತಾ ಇದೆ!"

ನಾಲ್ಕನೇ ಮಹಡಿಯ ಎತ್ತರದಲ್ಲಿ ಹಗ್ಗಕ್ಕೆ ಜೋತುಬಿದ್ದು ಗಾಜು ಒರೆಸುತ್ತಿದ್ದವಳು ಕೈಯಲ್ಲಿದ್ದ ರಬ್ಬರ್ ಪಟ್ಟಿ ಬೀಸುತ್ತಾ ಕೂಗಿದಳು. ಕಿರಿದಾದ ರಸ್ತೆಯ ಆಚೆ, ಎದುರು ಕಟ್ಟಡದ ಗಾಜಿನ ಮುಂದೆ ಅವನೂ ಹಾಗೆಯೇ ತೂಗುತ್ತಿದ್ದ. ಆ ಕಟ್ಟಡ ಹನ್ನೊಂದು ವರ್ಷ ಅವಳದೇ ಆಗಿತ್ತು. ಹೋದ ತಿಂಗಳು ಇವನು ಎಲ್ಲಿಂದಲೋ ಬಂದು, ಅರ್ಧ ರೇಟಿಗೆ ಒಪ್ಪಿಕೊಂಡು, ಕೆಲಸ ಕಿತ್ತುಕೊಂಡಿದ್ದ.

"ನಿಮ್ಮ ಹೊಟ್ಟೆಕಿಚ್ಚು ನನಗೆ ಗೊತ್ತಾಗಲ್ವಾ ಅಕ್ಕಾ? ನಿಮ್ಮ ಪಾಡಿಗೆ ನೀವು ಒರೆಸ್ಕೊಳ್ಳಿ!"

ಅವಳ ಮೈ ಉರಿದುಹೋಯಿತು. ಹಾಳಾಗಿ ಹೋಗಲಿ, ನನಗೇನು ಎಂದುಕೊಂಡು ಗಾಜಿನ ಕಡೆ ತಿರುಗಿದಳು. ಸೋಪು ಹಚ್ಚಿದಳು, ಮೇಲಿಂದ ಕೆಳಕ್ಕೆ ಪಟ್ಟಿ ಎಳೆದಳು, ಮೂಲೆಗಳನ್ನು ಬಟ್ಟೆಯಿಂದ ಒತ್ತಿದಳು. ಒಂದು ಇಡೀ ಗಾಜು ಮುಗಿಯಿತು. ಸ್ವಚ್ಛವಾದ ಆ ಗಾಜಿನಲ್ಲಿ ಎದುರಿನ ಕಟ್ಟಡವೇ ಕಾಣುತ್ತಿತ್ತು. ಅವನ ಕಿತ್ತಳೆ ಬಣ್ಣದ ಹಗ್ಗ ಗೋಡೆಯಂಚಿನಲ್ಲಿ ಬಾಗುವ ಕಡೆ ಬೆಳ್ಳಗೆ ಏನೋ ಇಣುಕುತ್ತಿತ್ತು. ಹೊರಗಿನ ಹೆಣಿಗೆ ಹರಿದು ಒಳಗಿನ ಎಳೆಗಳು ಹೊರಬಿದ್ದಿದ್ದವು. ಅದು ಕಡಿದರೆ ಹಿಡಿದುಕೊಳ್ಳಲು ಅವನ ಮೈಮೇಲೆ ಎರಡನೇ ಹಗ್ಗವೇ ಇರಲಿಲ್ಲ.

ಅವಳು ಸರ್ರನೆ ನೆಲಕ್ಕಿಳಿದಳು. ಚೀಲದಲ್ಲಿದ್ದ ಬದಲಿ ಹಗ್ಗ ಹೆಗಲಿಗೇರಿಸಿಕೊಂಡು ರಸ್ತೆ ದಾಟಿದಳು. ಬಾಗಿಲಲ್ಲಿ ಕಟ್ಟಡದ ಮ್ಯಾನೇಜರ್ ಅಡ್ಡ ಬಂದ.

"ಮೇಡಂ, ನಿಮ್ಮ ಕಾಂಟ್ರಾಕ್ಟ್ ಮುಗೀತಲ್ಲ?"

"ಮುಗೀತು. ತಾರಸಿ ಕೀ ತಗೊಂಡು ಓಡಿ ಬನ್ನಿ. ಒಬ್ಬ ಮನುಷ್ಯ ಬೀಳ್ತಾ ಇದಾನೆ!"

ಅವಳು ತಾರಸಿಗೆ ಹತ್ತಿ ನೋಡಿದಳು. ಹಗ್ಗವನ್ನು ಅವನು ಹಳೆಯ ನೀರಿನ ಕೊಳವೆಗೆ ಬಿಗಿದಿದ್ದ. ಅಂಚಿನಲ್ಲಿ ಒಂದು ಗೋಣಿಚೀಲವನ್ನೂ ಹಾಸಿರಲಿಲ್ಲ. ಅವಳು ತನ್ನ ಹಗ್ಗವನ್ನು ಲಿಫ್ಟ್ ಕೋಣೆಯ ಕಾಂಕ್ರೀಟ್ ಕಂಬಕ್ಕೆ ಸುತ್ತಿ, ಹಗ್ಗವನ್ನು ಹಿಡಿದು ನಿಧಾನಕ್ಕೆ ಬಿಡುವ ಕಬ್ಬಿಣದ ಬ್ರೇಕಿನೊಳಗೆ ಪೋಣಿಸಿ, ತೊಟ್ಟಿದ್ದ ಕೋಟು ಕಳಚಿ ಅಂಚಿಗೆ ಹಾಸಿದಳು. ತುದಿಯ ಕೊಕ್ಕೆಯನ್ನು ಮೆಲ್ಲಗೆ ಕೆಳಕ್ಕೆ ಬಿಟ್ಟಳು.

"ಅಲ್ಲಾಡಬೇಡ. ಎದುರಿಗೆ ಕೊಕ್ಕೆ ಬರ್ತಾ ಇದೆ, ನೋಡು. ಬೆಲ್ಟಿನ ಮುಂದೆ ಕಬ್ಬಿಣದ ಬಳೆ ಇದೆಯಲ್ಲ, ಅದಕ್ಕೆ ಸಿಕ್ಕಿಸ್ಕೋ."

ಅವನು ತಲೆಯೆತ್ತಿ ನೋಡಿದ. ಈಗ ಅವನಿಗೂ ಬಿಳಿ ಎಳೆಗಳು ಕಂಡವು. ಎರಡು ಸಲ ಕೊಕ್ಕೆ ಕೈಜಾರಿತು.

"ಅವಸರ ಬೇಡಪ್ಪಾ. ನಾನೆಲ್ಲೂ ಹೋಗಲ್ಲ."

"ಸಿಕ್ತು... ಸಿಕ್ತಕ್ಕಾ!"

ಅವನು ಹಾಗೆನ್ನುವುದಕ್ಕೂ ಹಳೆಯ ಹಗ್ಗ ಕಡಿಯುವುದಕ್ಕೂ ಸರಿಹೋಯಿತು. ದೊಡ್ಡ ಸದ್ದೇನೂ ಆಗಲಿಲ್ಲ, ಬಟ್ಟೆ ಹರಿದಷ್ಟೇ. ಬಕೆಟ್ ಮಾತ್ರ ಕೆಳಗೆ ಬಿದ್ದು ಚೂರುಚೂರಾಯಿತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಅವಳ ಹಗ್ಗ ಕಂಬವನ್ನು ಜಗ್ಗಿ ಬಿಗಿಯಾಗಿ ನಿಂತಿತು. ಅವನ ಭುಜ ಗಾಜಿಗೆ ಬಡಿಯಿತು, ಅಷ್ಟೇ. ಅವಳು ಹಗ್ಗವನ್ನು ಗೇಣುಗೇಣಾಗಿ ಬಿಡುತ್ತಾ, ತೊಟ್ಟಿಲಲ್ಲಿ ಮಗು ಮಲಗಿಸುವಷ್ಟು ನಿಧಾನವಾಗಿ ಅವನನ್ನು ನೆಲ ಮುಟ್ಟಿಸಿದಳು.

ಅವಳು ಕೆಳಗೆ ಬರುವಷ್ಟರಲ್ಲಿ ಅವನು ಗೋಡೆಗೊರಗಿ, ಎರಡೂ ಅಂಗೈಗಳನ್ನು ನೆಲಕ್ಕೆ ಒತ್ತಿಕೊಂಡು ಕುಳಿತಿದ್ದ. ಮುಗಿಯಲು ಕೈ ಎತ್ತಿದ. ಅವಳು ಪಕ್ಕದಲ್ಲೇ ಕುಕ್ಕರಿಸಿ ನೀರಿನ ಬಾಟಲಿ ಅವನ ಬಾಯಿಗೆ ಹಿಡಿದಳು.

"ಎಲ್ಲಿ ಕಲಿತೆ ಈ ಕೆಲಸ?"

"ಬಸ್ಸಿನ ಸೀಟು ಹೊಲೀತಿದ್ದೆ ಅಕ್ಕಾ. ಕಾರ್ಖಾನೆ ಮುಚ್ಚಿಬಿಟ್ರು. ಮೂರು ದಿನ ವಿಡಿಯೋ ನೋಡ್ದೆ."

"ಎರಡನೇ ಹಗ್ಗ ಬೇಕು ಅಂತ ಅದರಲ್ಲಿ ಹೇಳಿರಲಿಲ್ವಾ?"

"ಹೇಳಿದ್ರು. ಆ ಭಾಗಾನ ನಾನೇ ಮುಂದಕ್ಕೆ ಓಡಿಸ್ದೆ." ಅವನು ತಲೆ ತಗ್ಗಿಸಿದ. "ನಿಮಗೆ ಹೊಟ್ಟೆಕಿಚ್ಚು ಅಂದ್ಬಿಟ್ಟೆ. ತಪ್ಪಾಯ್ತು."

"ಸುಳ್ಳೇನಲ್ಲ ನೀನು ಹೇಳಿದ್ದು. ಹಾಗಂದ ಮೇಲೆ ನಾನು ಒಂದು ಇಡೀ ಗಾಜು ಒರೆಸ್ದೆ." ಅವನ ಸೊಂಟದಿಂದ ಜೋತುಬಿದ್ದಿದ್ದ ಕಡಿದ ಹಗ್ಗದತ್ತ ಅವಳು ಬೆರಳು ತೋರಿದಳು. "ಅಷ್ಟು ಹೊತ್ತು ಆ ಹಗ್ಗ ತಡ್ಕೊಂಡಿತು. ನನಗೆ ಕೈ ಮುಗೀಬೇಡ. ಮುಗಿಯೋದಿದ್ರೆ ಇಬ್ರೂ ಅದಕ್ಕೆ ಮುಗಿಯೋಣ."

ಮ್ಯಾನೇಜರ್ ಬೆವರೊರೆಸಿಕೊಳ್ಳುತ್ತಾ ಬಂದು, ನಾಳೆಯಿಂದ ಮತ್ತೆ ನೀವೇ ಮಾಡಿ ಮೇಡಂ ಎಂದ. ಅವಳು ಮ್ಯಾನೇಜರಿಗೆ ಆಗಲಿ ಎಂದು ತಲೆಯಾಡಿಸಿ, ಪಕ್ಕದಲ್ಲಿ ಕುಳಿತಿದ್ದವನ ಕಡೆ ತಿರುಗಿದಳು.

"ಸೋಮವಾರ ನನ್ನ ಹತ್ರ ಬಾ. ಒಂದು ತಿಂಗಳು ನೆಲದ ಮೇಲೇ ಕೆಲಸ. ಗಂಟು ಹಾಕೋದು, ಬಿಚ್ಚೋದು. ನಾನು ಹೇಳೋವರೆಗೂ ಸ್ಟೂಲ್ ಹತ್ತಿದ್ರೂ ಕಾಲು ಮುರೀತೀನಿ."

ಅವನಿಗೆ ಅಳುವಿನ ನಡುವೆಯೇ ನಗು ಬಂತು. ಹೂಂ ಹೂಂ ಎಂದು ನಾಲ್ಕೈದು ಸಲ ಗೋಣು ಹಾಕಿದ.

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೊರತೆಗೆದು ಕಿವಿಗಿಟ್ಟುಕೊಂಡ. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಫೋನನ್ನು ಅವಳ ಕೈಗಿತ್ತ.

"ಏನೂಂದ್ರೆ, ಕೇಳಿಸ್ತಿದ್ಯಾ?" ಆ ಕಡೆ ಹೆಂಗಸೊಬ್ಬಳು ಕೇಳುತ್ತಿದ್ದಳು. ಹಿಂದಿನಿಂದ ಮಗುವಿನ ಗಲಾಟೆ. "ಇವಳು ನೀವು ಬರೋವರೆಗೂ ಊಟ ಮಾಡಲ್ವಂತೆ. ಬರ್ತೀರಾ ತಾನೇ?"

ಅವಳು ಅವನ ಕಡೆ ನೋಡಿದಳು.

"ಬರ್ತಾರಮ್ಮಾ," ಎಂದಳು. "ಬರ್ತಾರೆ."