ನೀರು ಕುಡಿಯದ ಕೂದಲು

ಸಹಜ ಕೂದಲಿನ ಮೇಲಿರುವ ಜಿಡ್ಡಿನ ಪದರ ನೀರಹನಿಯನ್ನು ಗುಂಡಗೆ ನಿಲ್ಲಿಸುತ್ತದೆ. ಬ್ಲೀಚಾದ ಕೂದಲು ಅದನ್ನು ಗಟಗಟ ಹೀರುತ್ತದೆ. ಹೋದ ಪದರವನ್ನು ತಮ್ಮ ಹೊಸ ಎಣ್ಣೆ ಮರಳಿ ತರುತ್ತದೆಂದು ಕೂದಲೆಣ್ಣೆ ಕಂಪನಿಯ ಮಾಲೀಕರು ಜಾಹೀರಾತು ಕೊಟ್ಟಾಗಿತ್ತು. ಪರೀಕ್ಷೆಯೊಂದೇ ಬಾಕಿ!

ಕಂಪನಿಯ ಪ್ರಯೋಗಾಲಯದ ಶರ್ವಾಣಿ ಪರೀಕ್ಷಿಸದೆ ಹಾಗೇ ವರದಿಗೆ ಸಹಿ ಹಾಕಲು ಒಪ್ಪಲಿಲ್ಲ. ಮಾಲೀಕರು ಬೆಳ್ಳನೆಯ ಕೂದಲ ಎಳೆಗಳನ್ನು ತಂದಿಟ್ಟರು.

"ನನ್ನ ಹೆಂಡ್ತೀದು. ಬ್ಲೀಚ್ ಮಾಡ್ಸಿ ಮೂರು ತಿಂಗಳು ನಮ್ಮೆಣ್ಣೇನೇ ಹಚ್ಚಿದಾಳೆ. ನೋಡಮ್ಮ."

ಶರ್ವಾಣಿ ನೀರು ಹನಿಸಿದಳು. ಹನಿ ಗುಂಡಗೆ ಕೂತಿತು. ತನ್ನ ಅನುಮಾನಕ್ಕೆ ತಾನೇ ನಾಚಿ ಸಹಿ ಹಾಕಿದಳು.

ಎಣ್ಣೆಯ ಬಿಡುಗಡೆ ಸಮಾರಂಭದಲ್ಲಿ ಮಾಲೀಕರ ಹೆಂಡತಿ ತಲೆಗೆ ಸ್ಕಾರ್ಫ್ ಬಿಗಿದು ಕೂತಿದ್ದರು.

"ಪರೀಕ್ಷೆಗೆ ಕೊಟ್ಟ ನಿಮ್ಮ ಕೂದಲು ಅದ್ಭುತ, ಮೇಡಂ!" ಎಂದಳು ಶರ್ವಾಣಿ.

"ಅದು ನಮ್ಮತ್ತೆ ನರೆಗೂದಲು ಕಣಮ್ಮ. ಆ ಎಣ್ಣೆ ಹಚ್ಚಿದ್ಮೇಲೆ ನನ್ನ ತಲೇಲಿ ಏನಾದ್ರೂ ಉಳಿದಿದ್ರೆ ತಾನೇ ಕೊಡೋದು!"