ತಡೆಹಿಡಿದ ಪ್ಯಾಕೇಜು

"ಮತ್ತೆ ಅದೇ ಎಚ್ಚರಿಕೆ!" ಕನ್ನಡಕದಂಗಡಿಯ ಗಲ್ಲಾದಿಂದ ಅಕ್ಕ ಗುಡುಗಿದಳು. "ಆ ಹುಡುಗಿ ಬೇಕಂತಲೇ ಕೆಡಿಸಿಟ್ಟು ಹೋಗ್ತಾಳೆ ಕಣೋ. ಕರಿ ಅವಳನ್ನ, ಈಗಲೇ!"

ತಮ್ಮ ಉಜ್ಜುತ್ತಿದ್ದ ಗಾಜನ್ನು ಕೆಳಗಿಟ್ಟು ಫೋನ್ ಕೈಗೆತ್ತಿಕೊಂಡ.

ಅಂಗಡಿಯ ಕಂಪ್ಯೂಟರಿನಲ್ಲಿದ್ದ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸುವ ಕೆಲಸ ಆಮೆಯ ನಡಿಗೆಯಲ್ಲಿ ಸಾಗಿತ್ತು. ರಿಪೇರಿಯ ಹುಡುಗಿ ಬಂದು ಎಲ್ಲ ಸರಿಪಡಿಸಿ, ಡೌನ್‌ಲೋಡಿಗೆ ಬಿಟ್ಟು ಹೋಗುವಳು. ಅವಳು ಬೆನ್ನು ತಿರುಗಿಸಿದ್ದೇ ತಡ, 'ಒಂದು ಪ್ಯಾಕೇಜನ್ನು ತಡೆಹಿಡಿಯಲಾಗಿದೆ' ಎಂಬ ಸಾಲು ಪರದೆಯ ಮೇಲೆ ಹಾಜರ್. ತಂತ್ರಾಂಶದ ಆ ಒಂದು ಕಟ್ಟು ಇಳಿಯದೆ ಕೆಲಸ ಅಲ್ಲಿಗೇ ನಿಲ್ಲುವುದು.

ಅವಳು ಮೋಸಗಾತಿ ಎಂದು ನಂಬಲು ತಮ್ಮನಿಗೆ ಮನಸ್ಸಿಲ್ಲ. ಅವಳು ಬರುವ ದಿನ ಅವನ ಅಂಗಿಗೆ ಇಸ್ತ್ರಿ ಬೀಳುತ್ತಿತ್ತು. ಎದುರು ನಿಂತರೆ ಮಾತ್ರ ಬಾಯಿಗೆ ಬೀಗ.

ಹುಡುಗಿ ಬಂದಳು. ಅಕ್ಕ ಅಂಗೈ ಅಡ್ಡ ಹಿಡಿದು ಪಾಸ್‌ವರ್ಡ್ ಒತ್ತಿದಳು. ಅದನ್ನು ಅವಳು ಒಡಹುಟ್ಟಿದ ತಮ್ಮನಿಗೂ ಹೇಳಿದವಳಲ್ಲ.

"ಇದು ತಾನಾಗಿ ಆಗೋದಲ್ಲ," ಎಂದಳು ಹುಡುಗಿ, ಪರದೆ ನೋಡುತ್ತಾ. "ಯಾರೋ ಪಾಸ್‌ವರ್ಡ್ ಹಾಕಿ ಕೈಯಾರೆ ತಡೆಹಿಡಿದಿದ್ದಾರೆ."

"ಯಾರು ಅಂತ ನೀನೇ ಹೇಳಮ್ಮ." ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ನೀನು ಇಲ್ಲಿಗೆ ಪದೇ ಪದೇ ಬಂದರೆ ಲಾಭ ಯಾರಿಗೆ?"

ಹುಡುಗಿ ತಲೆ ತಗ್ಗಿಸಿದಳು. ಅವಳ ಭುಜ ಅದುರಿತು. ಪಾಪ, ಅಳುತ್ತಿದ್ದಾಳೆ! ತಮ್ಮ ಇಬ್ಬರ ನಡುವೆ ಬಂದು ನಿಂತ.

"ನಾನೇ ಮಾಡಿದ್ದು!" ಎಂದ.

"ಏನಂದೆ?"

"ನಾನೇ ಅಕ್ಕಾ. ಅವರು... ಮತ್ತೆ ಬರಲಿ ಅಂತ."

ಕಿವಿಯವರೆಗೂ ಕೆಂಪೇರಿದ ತಮ್ಮ ಕನ್ನಡಕದ ಸಾಲುಗಳನ್ನೇ ದಿಟ್ಟಿಸಿದ.

"ಮಾನ ಕಳೆದೆಯಲ್ಲೋ!" ಅಕ್ಕ ಅವನನ್ನು ಬಾಗಿಲ ಕಡೆಗೆ ದಬ್ಬಿದಳು. "ಹೋಗು, ಅವಳಿಗೆ ಒಂದು ಕಾಫಿ ಕೊಡಿಸಿ ಕ್ಷಮೆ ಕೇಳು. ನಿಧಾನಕ್ಕೆ ಬಾ, ಅವಸರ ಇಲ್ಲ."

ಬೀದಿಯ ತಿರುವು ದಾಟಿದ ಮೇಲೆ ಅವನಿಗೆ ಬಾಯಿ ಬಂತು.

"ಸುಳ್ಳು ಹೇಳಿದೆ. ಅದನ್ನ ಮಾಡಿದ್ದು ನಾನಲ್ಲ. ಹೇಗೆ ಮಾಡೋದು ಅಂತಾನೂ ಗೊತ್ತಿಲ್ಲ. ಆದ್ರೆ ನೀವು ಮತ್ತೆ ಬರಲಿ ಅಂದಿದ್ದು ಮಾತ್ರ ನಿಜ."

ಅಷ್ಟು ಹೊತ್ತು ಅದುಮಿಟ್ಟಿದ್ದ ನಗು ಹುಡುಗಿಯಿಂದ ಘೊಳ್ಳನೆ ಹೊರಬಿತ್ತು. ಕಣ್ಣೊರೆಸಿಕೊಳ್ಳುತ್ತಾ ಅವಳು ಹೇಳಿದಳು:

"ಗೊತ್ತು. ತಡೆಹಿಡಿಯೋದು ಹೇಗೆ ಅಂತ ನಿಮ್ಮಕ್ಕನಿಗೆ ಹೇಳಿಕೊಟ್ಟಿದ್ದೇ ನಾನು."